ನೆಲಗಾಗೆಗೆ ಇಟ್ಟ ಎಡೆ

ಸುಲೈಬಿಯಾ, ಕುವೈತ್
೨೮ ಆಗಸ್ಟ್ ೨೦೨೫, ಗುರುವಾರ

ಅಕ್ಕ ಕಲ್ಲವ್ವನಿಗೆ ತಮ್ಮ ಅಮರೇಶನ ನಮಸ್ಕಾರಗಳು.

‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಶುರು ಮಾಡಲು ಎರಡು ಸಲ ಕೂತೆ. ಎರಡು ಹಾಳೆಯನ್ನೂ ಹರಿದು ಹಾಕಿದೆ. ‘ನಾವೆಲ್ಲ’ ಎಂದು ಬರೆಯಲು ಇಲ್ಲಿ ಈಗ ನಾನೊಬ್ಬನೇ ಇದ್ದೇನೆ. ಅದಕ್ಕೇ ಆ ಸಾಲನ್ನು ಬಿಟ್ಟಿದ್ದೇನೆ, ತಪ್ಪು ತಿಳಿಯಬೇಡ.

ಕಾಗದ ತಡವಾಯಿತು. ತಡವಾಯಿತು ಅನ್ನುವುದಕ್ಕಿಂತ, ಕಾಗದ ಬರೆಯಬೇಕಾದೀತು ಅಂತಲೇ ನನಗೆ ಹೊಳೆದಿರಲಿಲ್ಲ. ಫೋನ್ ಇದೆಯಲ್ಲ ಅಂದುಕೊಂಡಿದ್ದೆ. ಆದರೆ ನಮ್ಮ ತಮ್ಮ ಪ್ರವೀಣ ಹೋದ ಮೇಲೆ ನೀನು ನನ್ನ ಫೋನ್ ಎತ್ತುತ್ತಿಲ್ಲ. ಮಂಗಳಾ ಎತ್ತಿ ನಿನ್ನ ಕಿವಿಗೆ ಹಿಡಿಯುತ್ತಾಳೆ, ನಿನ್ನ ಉಸಿರು ಕೇಳಿಸುತ್ತದೆ, ‘ಅಕ್ಕಾ’ ಅನ್ನುತ್ತೇನೆ, ಅಷ್ಟರಲ್ಲಿ ನೀನು ಫೋನನ್ನು ಅವಳ ಕೈಗೆ ಕೊಟ್ಟು ಎದ್ದು ಹೋಗಿರುತ್ತೀಯಂತೆ. ಬಾಗಲಕೋಟೆಯ ಐಟಿಐ ಹಾಸ್ಟೆಲಿನಿಂದ ಉಪ್ಪಿನಕಾಯಿ ಮುಗಿಯಿತು ಅಂತ ಬರೆಯುತ್ತಿದ್ದೆನಲ್ಲ, ಅದಾದ ಮೇಲೆ ನಿನಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ನವಲಗುಂದದ ಬಸಲಿಂಗಯ್ಯ ಶನಿವಾರ ರಜೆಯ ಮೇಲೆ ಊರಿಗೆ ಹೊರಟಿದ್ದಾನೆ. ಪಕ್ಕದ ಗೋದಾಮಿನಲ್ಲಿ ಕ್ರೇನ್ ನಡೆಸುವವನು, ಒಳ್ಳೆಯ ಮನುಷ್ಯ, ಮಾತು ಮಾತ್ರ ಸ್ವಲ್ಪ ಒರಟು. ಕೆರೂರಿಗೆ ಬಂದು ಇದನ್ನು ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾನೆ. ಅವನಿಗೆ ಒಂದು ಕಪ್ ಚಹಾ ಕೊಡು, ಬೈಯಬೇಡ. ಬೈಗುಳವನ್ನೆಲ್ಲ ನನಗೆ ಉಳಿಸಿಕೋ.

ಮಂಗಳಾ ನನಗೆ ಎಲ್ಲವನ್ನೂ ಹೇಳಿದ್ದಾಳೆ. ಅವಳ ಮೇಲೆ ಸಿಟ್ಟಾಗಬೇಡ. ಗಂಡ ಪ್ರವೀಣನಿಗಾಗಿ ಅಳಬೇಕೋ, ನಿನ್ನನ್ನು ಕಾಯಬೇಕೋ ತಿಳಿಯದೆ ಆ ಹುಡುಗಿ ಒದ್ದಾಡುತ್ತಿದ್ದಾಳೆ.

“ಭಾವಾರ, ಅಕ್ಕಾರು ದಿನಾ ಮುಂಜಾನಿ ಮಾಳಿಗಿ ಮ್ಯಾಲೆ ರೊಟ್ಟಿ ಪಲ್ಯಾ ಇಟ್ಟ ಕುಂದರ್ತಾರ್ರೀ,” ಅಂದಳು. “ಕಾಗಿ ಮುಟ್ಟೂತನಕಾ ಹನಿ ನೀರು ಕುಡ್ಯಂಗಿಲ್ಲ. ಅದು ಮುಟ್ಟವಲ್ದು. ಮಧ್ಯಾಹ್ನ ಆಗತೈತಿ, ಸಂಜೀ ಆಗತೈತಿ. ಶೀತಲ್ ಹೋಗಿ ಸೆರಗು ಹಿಡದು ಎಳಕೊಂಡ ಬಂದ್ರ ಒಂದೀಟು ಗಂಜಿ ಕುಡೀತಾರ. ಅರ್ಧಾ ಆಗ್ಯಾರ್ರೀ.”

ಮಣ್ಣು ಕೊಟ್ಟ ಮೂರನೆಯ ದಿನ ಕಾಗೆ ಮುಟ್ಟಲಿಲ್ಲವಂತೆ. ಒಂಬತ್ತನೆಯ ದಿನ ಬೇವಿನ ಮರದಲ್ಲಿ ಹತ್ತೆಂಟು ಕೂತಿದ್ದವಂತೆ, ಒಂದಾದರೂ ಕೆಳಗಿಳಿಯಲಿಲ್ಲವಂತೆ. ಹಿರಿಯರು ಒಬ್ಬೊಬ್ಬರಾಗಿ ಮುಂದೆ ಬಂದು ಮಾತು ಕೊಟ್ಟರಂತೆ: ನಿನ್ನ ಮಗಳನ್ನು ನೋಡಿಕೊಳ್ಳುತ್ತೇವಪ್ಪಾ, ನಿನ್ನ ಹೆಂಡತಿಯನ್ನು ಕೈಬಿಡುವುದಿಲ್ಲಪ್ಪಾ, ಮುಟ್ಟು. ಬಿಸಿಲೇರಿದ ಮೇಲೆ ಯಾರೋ ಎಡೆಯನ್ನು ಎತ್ತಿ ಆಕಳಿಗೆ ಹಾಕಿ, ಆಯಿತು ಅಂದರಂತೆ. ಎಲ್ಲರಿಗೂ ಆಯಿತು, ನಿನಗೆ ಆಗಲಿಲ್ಲ. ‘ಅವಂಗ ನನ್ನ ಮ್ಯಾಲೆ ಸಿಟ್ಟು. ಅವನನ್ನೂ ಕರಕೊಂಡ ಹೋಗು ಅಂತ ಅಮರೇಶನ ಬೆನ್ನ ಹತ್ತಿದಾಕಿ ನಾನs’ ಅಂತ ಹೇಳುತ್ತಿದ್ದೀಯಂತೆ.

ಹೌದು, ಹಾಗೆ ಹೇಳಿದ್ದು ನೀನೇ. ಅವ್ವ ಸತ್ತ ಮೇಲೆ ರೊಟ್ಟಿ ಬಡಿದು ಮಾರಿ ನಮ್ಮಿಬ್ಬರನ್ನೂ ಸಾಕಿದವಳು ನೀನು, ಇಬ್ಬರೂ ಒಂದು ಕಡೆ ಇದ್ದರೆ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂತ ಹೇಳಿದ್ದೆ. ಅದರಲ್ಲಿ ಏನು ತಪ್ಪು? ವೀಸಾ ತಂದವನು ನಾನು. ಎರಡು ವರ್ಷ ನನ್ನ ಪಕ್ಕದ ಮಂಚದಲ್ಲೇ ಅವನು ಮಲಗಿದ್ದ. ಒಬ್ಬರನ್ನೊಬ್ಬರು ನೋಡಿಕೊಳ್ಳಿ ಅಂತ ನೀನು ಕಳಿಸಿದ್ದು ನನ್ನನ್ನು ನಂಬಿ.

ಜುಲೈ ಹದಿನೆಂಟರ ಶುಕ್ರವಾರ ಏನಾಯಿತು ಅಂತ ಆಫೀಸಿನ ರುಡಾಲ್ಫ್ ನಿಮಗೆ ಫೋನಿನಲ್ಲಿ ಹೇಳಿದ್ದಾನೆ. ಪ್ರವೀಣನಿಗೆ ಎರಡು ದಿನದಿಂದ ಜ್ವರ, ಹೊರಗೆ ಐವತ್ತೊಂದು ಡಿಗ್ರಿ ಬಿಸಿಲು, ಕರೆಂಟ್ ಹೋಗಿ ರೂಮಿನ ಏಸಿ ನಿಂತಿತು, ಜನರೇಟರ್ ಇದ್ದದ್ದು ಯಜಮಾನನ ತೋಟದ ಹಕ್ಕಿಮನೆಗೆ ಮಾತ್ರ. ಪೆಟ್ಟಿಗೆಯ ಜೊತೆ ನಾನು ಯಾಕೆ ಬರಲಿಲ್ಲ ಅಂತ ನೀನು ಕೇಳಿದಾಗ, ಕಫೀಲ್, ಅಂದರೆ ನಮ್ಮ ವೀಸಾ ಯಾರ ಹೆಸರಿನಲ್ಲಿದೆಯೋ ಆ ಯಜಮಾನ, ಬಿಡಲಿಲ್ಲ ಅಂತಲೂ ಅವನೇ ಹೇಳಿದ. ಆ ಮಾತನ್ನು ಇಲ್ಲಿ ಮತ್ತೆ ಎಳೆಯುವುದಿಲ್ಲ.

ಮಂಗಳಾಳ ಫೋನ್ ಬಂದ ದಿನವೇ ಗಟ್ಟಿ ಮಾಡಿಕೊಂಡೆ. ಅಲ್ಲಿ ಕಾಗೆ ಮುಟ್ಟದಿದ್ದರೆ ಇಲ್ಲಿ ಮುಟ್ಟಿಸುತ್ತೇನೆ. ಅವನ ಉಸಿರು ಹೋದದ್ದು ಇಲ್ಲಿ. ಕಡೆಯ ಊಟ ಮಾಡಿದ್ದೂ ಇಲ್ಲೇ, ನಾನು ಮಾಡಿದ ಅನ್ನ ಸಾರು. ತಿಂಗಳ ದಿನದ ಎಡೆಯನ್ನು ನನ್ನ ಕೈಯಾರೆ ಇಟ್ಟು, ಕಾಗೆ ಮುಟ್ಟಿದ ಮೇಲೆ ನಿನಗೆ ತಿಳಿಸಿದರೆ ನೀನು ಮಾಳಿಗೆಯಿಂದ ಇಳಿಯುತ್ತೀಯ ಅಂತ ನನ್ನ ಲೆಕ್ಕ.

ಆದರೆ ಅಕ್ಕ, ಕುವೈತಿನಲ್ಲಿ ಕಾಗೆ ಎಲ್ಲಿದೆ? ಸುಲೈಬಿಯಾದಲ್ಲಿ ಇಷ್ಟು ವರ್ಷ ಇದ್ದೇನೆ, ಒಂದನ್ನೂ ಕಂಡಿಲ್ಲ. ಪಾರಿವಾಳ ಬೇಕಾದಷ್ಟಿವೆ. ಸಮುದ್ರದ ದಂಡೆಯಲ್ಲಿ, ಶರ್ಕ್ ಕಡೆ, ಯಾವಾಗಾದರೂ ಒಂದೆರಡು ಕಾಣುತ್ತವೆ ಅಂತ ರುಡಾಲ್ಫ್ ಹೇಳಿದ. ಅವನು ಮಂಗಳೂರಿನ ಕಡೆಯ ಕ್ರಿಶ್ಚನ್. ಯಾಕೆ ಕೇಳುತ್ತೀರಿ ಅಂದ, ಹೇಳಿದೆ. “ನಾನು ಕಾರಲ್ಲಿ ಬಿಡ್ತೇನೆ ಮಾರಾಯ್ರೆ, ಬಸ್ಸಲ್ಲಿ ಅನ್ನ ಹಳಸ್ತದೆ,” ಅಂದ. ನಾನೇ ಬೇಡ ಅಂದೆ.

ಮೊದಲೊಂದು ಸಲ ನೋಡಿ ಬರೋಣ ಅಂತ ಡಬ್ಬಿಯಲ್ಲಿ ಅನ್ನ ಕಟ್ಟಿಕೊಂಡು ಶರ್ಕ್‌ಗೆ ಹೋದೆ. ಬ್ಯಾಂಕುಗಳ ಗಾಜಿನ ಕಟ್ಟಡ ದಾಟಿದರೆ ಮೀನಿನ ಮಾರುಕಟ್ಟೆ, ಅದರ ಹಿಂದೆ ದೋಣಿಗಳು. ಬೆಳಗಿನ ಏಳು ಗಂಟೆಗೇ ಅಂಗಿ ಮೈಗೆ ಅಂಟಿತ್ತು. ಕಟ್ಟೆಯ ಮೇಲೆ ಒಂದು ಹಿಡಿ ಅನ್ನ ಇಟ್ಟು ದೂರ ನಿಂತೆ. ಬೆಳ್ಳಕ್ಕಿಯಂಥ ಸಮುದ್ರದ ಹಕ್ಕಿಗಳು ಬಂದವು, ಗೊರವಂಕ ಬಂತು, ಕೊನೆಗೆ ಒಂದು ಬೆಕ್ಕು ಬಂತು. ಬೆಕ್ಕು ಮೀನು ತಿಂದು ಸೊಕ್ಕಿತ್ತು, ಅನ್ನವನ್ನು ಮೂಸಿ ಹೋಯಿತು. ಒಂಬತ್ತಕ್ಕೆ ಕಾವಲಿನವನು ಬಂದು, ಇಲ್ಲಿ ಕಸ ಹಾಕಬಾರದು, ಯಲ್ಲಾ, ಬೇಗ ಬೇಗ ಎತ್ತು ಅಂದ. ಕಸ ಅಂದದ್ದಕ್ಕೆ ಅವನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. ಅವನೂ ಯಾರ ತಮ್ಮನೋ ಅಂದುಕೊಂಡು, ಬಗ್ಗಿ ಒಂದೊಂದೇ ಅಗುಳನ್ನು ಆರಿಸಿ ಡಬ್ಬಿಗೆ ಹಾಕಿಕೊಂಡು ಬಂದೆ.

ಈಗ ಒಂದು ವಿಷಯ ಹೇಳಬೇಕು. ನಾನು ಇಲ್ಲಿ ಏಸಿ ಮೆಕ್ಯಾನಿಕ್ ಅಂತ ನೀನು ಊರಲ್ಲೆಲ್ಲ ಹೇಳಿಕೊಂಡಿದ್ದೀಯ. ಯಾರ ಏಸಿ ಅಂತ ನಾನು ನಾಚಿಕೆಗೆ ಯಾವತ್ತೂ ಹೇಳಿರಲಿಲ್ಲ. ನಾನು ನೋಡಿಕೊಳ್ಳುವುದು ಹಕ್ಕಿಗಳ ಏಸಿ. ನಮ್ಮ ಕಫೀಲನಿಗೆ ಹಕ್ಕಿಯ ಹುಚ್ಚು. ತೋಟದಲ್ಲಿ ಉದ್ದದ ಹಕ್ಕಿಮನೆ ಕಟ್ಟಿಸಿದ್ದಾನೆ, ಒಂದೊಂದು ದೇಶದ ಹಕ್ಕಿಗೆ ಒಂದೊಂದು ಕೋಣೆ, ಒಂದೊಂದು ಹವೆ. ಕೊನೆಯ ಕೋಣೆಯಲ್ಲಿ ಬರೀ ಮರಳು, ಕಲ್ಲು, ನಾಲ್ಕು ಒಣ ಕಂಟಿ. ಅಲ್ಲಿ ನಾಲ್ಕು ಹಕ್ಕಿಗಳಿವೆ. ಅವು ಇರಾನಿನ ಒಣ ಎತ್ತರದ ಬಯಲಿನವು, ಮಳೆ ಮರ ಎರಡೂ ಇಲ್ಲದ ಕಡೆಯವು. ಹೇಗೆ ಬಂದವು ಅಂತ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಬೇರೆ ಯಾರ ಹತ್ತಿರವೂ ಇಲ್ಲ ಅನ್ನುವುದೇ ಕಫೀಲನಿಗೆ ಹೆಮ್ಮೆ.

ಮೈಯೆಲ್ಲ ಮರಳಿನ ಬಣ್ಣ, ಕೊರಳ ಕೆಳಗೆ ಕಾಡಿಗೆ ಒತ್ತಿದಷ್ಟು ಕಪ್ಪು, ರೆಕ್ಕೆಯಲ್ಲಿ ಕಪ್ಪು ಬಿಳುಪು. ಹಾರುವುದು ಅಪರೂಪ. ಕೋಳಿಯ ಹಾಗೆ ನೆಲದ ಮೇಲೇ ಓಡುತ್ತವೆ, ಕೋಳಿಗಿಂತ ಜೋರಾಗಿ. ಕೊಕ್ಕು ಸ್ವಲ್ಪ ಬಾಗಿದೆ, ಅದರಿಂದ ಮರಳು ಕೆದರಿ ಕಾಳು ಹೂಳುತ್ತವೆ. ಹಾಕಿದ್ದರಲ್ಲಿ ಸ್ವಲ್ಪ ತಿಂದು, ಉಳಿದದ್ದನ್ನು ಅಲ್ಲೊಂದು ಇಲ್ಲೊಂದು ಹೂತು, ಮೇಲೆ ಮರಳೆಳೆದು, ಒಂದು ಹರಳನ್ನೂ ಇಡುತ್ತವೆ. ಪ್ರವೀಣನಿಗೆ ಅವುಗಳ ಮೇಲೆ ಬಹಳ ಪ್ರೀತಿ. ಶೇಂಗಾ ಹಾಕಿ ಆಟ ಆಡಿಸುತ್ತಿದ್ದ, ಮಗಳು ಶೀತಲ್‌ಗೆ ವಿಡಿಯೋ ಕಳಿಸುತ್ತಿದ್ದ. “ಅಣ್ಣಾ, ಇವು ಥೇಟ್ ನಮ್ಮ ಅಕ್ಕನಂಗ,” ಅನ್ನುತ್ತಿದ್ದ. “ಉಣ್ಣೂದು ಕಡಿಮಿ, ಡಬ್ಬ್ಯಾಗ ಮುಚ್ಚಿಡೂದು ಬಾಳ.”

ಇವನ್ನು ನೋಡಿಕೊಳ್ಳುವವನು ರಮೀಝ್, ಬಲೂಚಿ ಮುದುಕ. ಆ ಹಕ್ಕಿಗಳಿರುವ ನಾಡಿನ ಅಂಚಿನಲ್ಲೇ ಹುಟ್ಟಿದವನು. ಶರ್ಕ್‌ನಿಂದ ಬಂದ ಮಧ್ಯಾಹ್ನ ಅವನ ಮುಂದೆ ಕೂತು, ಈ ಹಾಳು ದೇಶದಲ್ಲಿ ಒಂದು ಕಾಗೆ ಇಲ್ಲವಲ್ಲ ಭಾಯಿ ಅಂತ ಹಲುಬಿದೆ. ಅವನು ನನ್ನನ್ನೇ ಒಂದು ಗಳಿಗೆ ನೋಡಿದ. ದಿನಾ ಕಾಗೆಯ ಮನೆಗೇ ತಂಪು ಹಾಕುತ್ತೀಯಲ್ಲ, ನಿನಗೆ ಗೊತ್ತಿಲ್ಲವಾ ಅಂದ. ಆ ಕೊನೆಯ ಕೋಣೆಯ ಹಕ್ಕಿ ಕಾಗೆಯ ಕುಲದ್ದಂತೆ. ಅವರ ಕಡೆ ಅದನ್ನು ಕರೆಯುವುದೂ ಕಾಗೆ ಅಂತಲೇ ಅಂತೆ. ಕಪ್ಪಲ್ಲ, ಮರದಲ್ಲಿ ಕೂರುವುದಿಲ್ಲ, ಕಾ ಕಾ ಅನ್ನುವುದಿಲ್ಲ, ಆದರೂ ಕಾಗೆ, ನೆಲಗಾಗೆ. ಹಕ್ಕಿಗಳ ಡಾಕ್ಟರನ್ನೂ ಕೇಳಿ ಖಾತ್ರಿ ಮಾಡಿಕೊಂಡೆ. ಅವನೂ ಹೌದು ಅಂದ.

ಎದ್ದು ಹೋಗಿ ಆ ಕೋಣೆಯ ಬಾಗಿಲ ಮುಂದೆ ಕೂತುಬಿಟ್ಟೆ. ಯಾಕೆ ಅಂತ ಈಗ ಕೇಳಬೇಡ.

ಆಗಸ್ಟ್ ಹದಿನೆಂಟು, ಸೋಮವಾರ, ತಿಂಗಳ ದಿನ. ಹಿಂದಿನ ದಿನವೇ ಮಿರ್ಕಾಬಿನ ಇಂಡಿಯನ್ ಅಂಗಡಿಗೆ ಹೋಗಿ ಜೋಳದ ಹಿಟ್ಟು, ಮೆಂತ್ಯ ಸೊಪ್ಪು ತಂದಿದ್ದೆ. ಬೆಳಿಗ್ಗೆ ಸ್ನಾನ ಮಾಡಿ ರೊಟ್ಟಿ ಬಡಿಯಲು ಕೂತೆ. ನಿನ್ನ ಕೈಯ ರೊಟ್ಟಿ ಅಲ್ಲ, ಬಿಡು, ಅಂಚೆಲ್ಲ ಹರಿದಿತ್ತು. ಮೆಂತ್ಯದ ಪಲ್ಯ, ಶೇಂಗಾ ಚಟ್ನಿ, ಅನ್ನ, ಒಂದು ಲೋಟ ಚಹಾ. ಅವನಿಗೆ ಚಹಾ ಎಷ್ಟು ಸಿಹಿ ಇರಬೇಕು ಅಂತ ನಿನಗೆ ಗೊತ್ತಲ್ಲ, ಅಷ್ಟೇ ಸಕ್ಕರೆ ಹಾಕಿದೆ. ಬಸಲಿಂಗಯ್ಯನನ್ನೂ ಕರೆದಿದ್ದೆ, ನಮ್ಮವರು ಅನ್ನಲು ಒಬ್ಬನಾದರೂ ಇರಲಿ ಅಂತ.

“ನಮ್ಮ ಮಂದ್ಯಾಗ ಕಾಗೀ ಪಾಗೀ ಇಲ್ಲೋ ಮಾರಾಯ, ಸತ್ತಾಂವ ಶಿವನ ಹಂತ್ಯಾಕ ಹೋಕ್ಕಾನ, ಮುಗೀತು,” ಅಂತ ಗೊಣಗಿದ. ಆದರೂ ಡ್ಯೂಟಿಗೆ ಎರಡು ತಾಸು ತಡ ಹೇಳಿ ಬಂದ. ಬಂದವನು ವಿಭೂತಿ ಹಚ್ಚಿಕೊಂಡೇ ಬಂದಿದ್ದ.

ರಮೀಝ್ ಬಾಗಿಲು ತೆರೆದುಕೊಟ್ಟ. ಕೋಣೆಯ ನಡುವೆ ಕಲ್ಲಿನ ಮೇಲೆ ಎಡೆ ಇಟ್ಟು, ಊದುಬತ್ತಿ ಹಚ್ಚುವ ಹಾಗಿಲ್ಲವಾದ್ದರಿಂದ ಬರೀ ನೀರು ಬಿಟ್ಟು, ಹಿಂದೆ ಸರಿದು ನಿಂತೆ. ನಾಲ್ಕೂ ಹಕ್ಕಿ ಕಂಟಿಯ ಬುಡದಲ್ಲಿದ್ದವು. ದಿನಾ ನನ್ನನ್ನು ಕಂಡು ಕಾಲಿಗೆ ಅಡ್ಡ ಬರುವ ಹಕ್ಕಿಗಳು ಅವು. ಅವತ್ತು ಒಂದೂ ಅಲ್ಲಾಡಲಿಲ್ಲ. ಒಂದು ಮಾತ್ರ ತಲೆ ಓರೆ ಮಾಡಿ ನೋಡಿತು.

ಅರ್ಧ ತಾಸಾಯಿತು. ಮಾತು ಕೊಡಬೇಕು ಅಂತ ನೆನಪಾಯಿತು. ದೊಡ್ಡವರು ಹೇಳುವ ಹಾಗೆ ಗಟ್ಟಿಯಾಗಿ ಹೇಳಿದೆ: ಪ್ರವೀಣಾ, ಶೀತಲ್‌ಳನ್ನು ಎಲ್ಲಿವರೆಗೆ ಓದುತ್ತಾಳೋ ಅಲ್ಲಿವರೆಗೆ ಓದಿಸುತ್ತೇನೆ, ಮುಟ್ಟು. ಬರಲಿಲ್ಲ. ಮಂಗಳಾ ನಮ್ಮ ಮನೆಯ ಮಗಳು, ಇನ್ನೊಂದು ಮದುವೆ ಬೇಕು ಅಂದರೆ ಮುಂದೆ ನಿಂತು ಮಾಡುತ್ತೇನೆ, ಬೇಡ ಅಂದರೆ ಹಿಸ್ಸೆ ಬರೆದು ಕೊಡುತ್ತೇನೆ, ಮುಟ್ಟು. ಬರಲಿಲ್ಲ. ಅಕ್ಕನ ಕೈಯಲ್ಲಿ ಇನ್ನು ರೊಟ್ಟಿ ಬಡಿಸುವುದಿಲ್ಲ, ಮುಟ್ಟು. ಅದಕ್ಕೂ ಬರಲಿಲ್ಲ. ಬಸಲಿಂಗಯ್ಯನೂ ತಾಳಲಾರದೆ ಮುಂದೆ ಬಂದು, “ಏ ತಮ್ಮಾ, ನಿಮ್ಮಣ್ಣ ಉಪಾಸ ನಿಂತಾನೋ, ಮುಟ್ಟೋ,” ಅಂದ. ಹಕ್ಕಿ ಮರಳಲ್ಲಿ ಕಾಲು ಊರಿ ಕೂತಿತು. ಗಡಿಯಾರ ನೋಡಿಕೊಂಡು ಬಸಲಿಂಗಯ್ಯ ಡ್ಯೂಟಿಗೆ ಹೋದ. ಹೋಗುವಾಗ ನನ್ನ ಬೆನ್ನ ಮೇಲೆ ಕೈ ಇಟ್ಟ.

ರಮೀಝ್ ಒಬ್ಬ ಬಾಗಿಲಲ್ಲಿ ಉಳಿದ. ಅವನಿಗೆ ಕನ್ನಡ ಬರುವುದಿಲ್ಲ. ನಾನು ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಸಂಜೆ ಫೋನ್ ಮಾಡಿ ಮಂಗಳಾಳಿಗೆ ಏನು ಹೇಳಲಿ, ಇಲ್ಲೂ ಇಲ್ಲ ಅಂದರೆ ನೀನು ಆ ಗಂಜಿಯನ್ನೂ ಬಿಡುತ್ತೀಯ, ಅನ್ನುವುದೇ ತಲೆಯಲ್ಲಿ. ಆಗ ಬಾಯಿಂದ ಇನ್ನೊಂದು ಮಾತು ಬಂತು. ಮಾತು ಕೊಟ್ಟದ್ದಲ್ಲ, ಅವನಿಗೆ ಹೇಳಬೇಕಾಗಿದ್ದದ್ದು. ನಾಲ್ಕೇ ಶಬ್ದ. ಹೇಳಿ ಮುಗಿಸಿ ಮುಖ ಮುಚ್ಚಿಕೊಂಡಿದ್ದೆ. ರಮೀಝ್ ‘ಶ್’ ಅಂದ, ಕೈ ತೆಗೆದು ನೋಡಿದೆ.

ಓರೆಯಾಗಿ ನೋಡುತ್ತಿದ್ದ ಹಕ್ಕಿ ಓಡಿ ಬಂದಿತ್ತು. ಎಡೆಯ ಸುತ್ತ ಒಂದು ಸುತ್ತು ಹಾಕಿತು. ಚಟ್ನಿ ಹತ್ತಿದ ಅನ್ನದ ಮುದ್ದೆಯನ್ನು ಕೊಕ್ಕಿನಲ್ಲಿ ಕಚ್ಚಿ ಎತ್ತಿ, ಗೋಡೆಯ ಕಡೆ ಓಡಿ, ಮರಳು ಕೆದರಿ ಅದನ್ನು ಒಳಗಿಟ್ಟು, ಮೇಲೆ ಮರಳೆಳೆಯಿತು. ಮತ್ತೆ ಬಂತು. ರೊಟ್ಟಿಯ ಚೂರನ್ನು ಒಯ್ದು ಅದನ್ನೂ ಹೂತಿತು. ಮೂರನೆಯ ಸಲ ಬಂದು ಅಲ್ಲೇ ನಿಂತು ಎರಡು ಶೇಂಗಾ ಚೂರನ್ನು ತಿಂದಿತು. ಆಮೇಲೆ ಉಳಿದ ಮೂರೂ ಬಂದವು.

ನಾನು ಅತ್ತೆ ಅಕ್ಕ. ಅವನನ್ನು ಪೆಟ್ಟಿಗೆಯಲ್ಲಿ ಇಟ್ಟ ದಿನವೂ ಅತ್ತಿರಲಿಲ್ಲ. ಆಮೇಲೆ ಒಂದು ಸಂಶಯ ಬಂತು. ತಿಂದದ್ದು ಸ್ವಲ್ಪ, ಹೂತದ್ದೇ ಹೆಚ್ಚು; ಇದು ಮುಟ್ಟಿದ ಹಾಗೋ ಅಲ್ಲವೋ? ರಮೀಝ್‌ಗೆ ಕೇಳಿದೆ. ಬೇಡವಾದದ್ದನ್ನು ಅದು ತಿರುಗಿಯೂ ನೋಡುವುದಿಲ್ಲ, ಬೇಕಾದದ್ದನ್ನೇ ಹೂಳುವುದು ಅಂದ. ನಮ್ಮ ಶಾಸ್ತ್ರ ಅವನಿಗೆ ಗೊತ್ತಿಲ್ಲ, ಅವನ ಹಕ್ಕಿ ನಮಗೆ ಗೊತ್ತಿಲ್ಲ. ನಾನು ಮಾತ್ರ ಮುಟ್ಟಿತು ಅಂತಲೇ ಹೇಳುತ್ತೇನೆ. ನನ್ನ ಕಣ್ಣಾರೆ ಕಂಡಿದ್ದೇನೆ.

ಅವತ್ತೇ ಇದನ್ನು ನಾನೇ ನೇರವಾಗಿ ನಿನಗೆ ತಿಳಿಸಬೇಕಿತ್ತು. ಮಂಗಳಾಳಿಗೆ ಫೋನಿನಲ್ಲಿ ಹೇಳಿದೆ, ಅವಳು ನಿನಗೆ ಹೇಳಿದಳು. ‘ಅಲ್ಲಿ ಯಾವ ಕಾಗಿ ಐತಿ, ನನ್ನ ಸಮಾಧಾನಕ್ಕ ಸುಳ್ಳ ಹೇಳ್ತಾನ’ ಅಂದೆಯಂತೆ. ಅದಕ್ಕೇ ಇಷ್ಟು ಉದ್ದ ಬರೆದೆ. ಹಕ್ಕಿಯ ಒಂದು ಗರಿ ಬಿದ್ದಿತ್ತು, ಅದನ್ನೂ ಕಳಿಸೋಣ ಅಂತಿದ್ದೆ. ವಿಮಾನ ನಿಲ್ದಾಣದಲ್ಲಿ ಬಸಲಿಂಗಯ್ಯನನ್ನು ಹಿಡಿದಾರು ಅಂತ ಬಿಟ್ಟೆ.

ಇನ್ನು ಊರಿನ ಮಾತು. ಮಾಳಿಗೆ ಸೋರುತ್ತದೆ ಅಂತ ಮಂಗಳಾ ಅಂದಳು. ಹೊಸ ಮಣ್ಣು ತರಿಸಿ ಮೇಲ್ಮುದ್ದೆ ಹಾಕಿಸು, ತಡ ಮಾಡಬೇಡ. ನಿನ್ನ ಮೊಣಕಾಲಿನ ಎಣ್ಣೆಯನ್ನು ಬಸಲಿಂಗಯ್ಯನ ಕೈಯಲ್ಲಿ ಕಳಿಸಿದ್ದೇನೆ, ಎರಡು ಶೀಸೆ. ಶೀತಲ್‌ಗೆ ಬಣ್ಣದ ಪೆನ್ಸಿಲ್ ಇದೆ. ಅವಳು ಚೆನ್ನಾಗಿ ಓದಿ ದೊಡ್ಡವಳಾಗಲಿ, ಅಪ್ಪನ ನಗು ಅವಳ ಮುಖದಲ್ಲಿ ಉಳಿಯಲಿ. ಮಂಗಳಾಳ ಮನಸ್ಸಿಗೆ ನೆಮ್ಮದಿ ಸಿಗಲಿ. ನಿನಗೆ ನಾನು ಹರಸುವಷ್ಟು ದೊಡ್ಡವನಲ್ಲ. ನಿನ್ನ ಹೊಟ್ಟೆಗೆ ಹೊತ್ತು ಹೊತ್ತಿಗೆ ಅನ್ನ ಬೀಳಲಿ ಅಂತ ಬನಶಂಕರಿಗೆ ಬೇಡಿಕೊಳ್ಳುತ್ತೇನೆ.

ನಿನ್ನ ತಮ್ಮ,
ಅಮರೇಶ

ತಾ.ಕ.: ಈ ಹಾಳೆಯನ್ನು ನೀನು ಒಬ್ಬಳೇ ಓದು. ಶೀತಲ್ ಹತ್ತಿರ ಇದ್ದರೆ ಹೊರಗೆ ಆಡಲು ಕಳಿಸು. ಮೇಲಿನದಷ್ಟನ್ನೇ ಬರೆದು ಲಕೋಟೆ ಅಂಟಿಸಿದ್ದೆ. ಇವತ್ತು ಮತ್ತೆ ಒಡೆದೆ.

ಎಡೆಯ ಮುಂದೆ ನಾನು ಹೇಳಿದ್ದು ಇದು: ‘ತಮ್ಮಾ, ಅವತ್ತು ಕರೆಂಟ್ ಹೋಗಿರಲಿಲ್ಲ.’

ಹೋಗಿರಲಿಲ್ಲ ಅಕ್ಕ. ಅವತ್ತು ಹನ್ನೊಂದು ಗಂಟೆಗೆ ಹಕ್ಕಿಮನೆಯ ಕೊನೆಯ ಕೋಣೆಯ ಏಸಿ ನಿಂತಿತು. ಕೆಪಾಸಿಟರ್ ಸುಟ್ಟಿತ್ತು. ಹಿಡಿಯಷ್ಟು ದೊಡ್ಡ ಡಬ್ಬಿ ಅದು, ಇಲ್ಲದಿದ್ದರೆ ಮಷೀನು ತಿರುಗುವುದಿಲ್ಲ. ನನ್ನ ಹತ್ತಿರ ಬೇರೆ ಇರಲಿಲ್ಲ. ನೆಲಗಾಗೆಗಳು ಬಾಯಿ ತೆರೆದು ನಿಂತಿದ್ದವು. ಸಂಜೆ ಅತಿಥಿಗಳು ಬರುತ್ತಾರೆ, ಆ ಹಕ್ಕಿಗಳನ್ನು ತೋರಿಸಬೇಕು ಅಂತ ಕಫೀಲ್ ಬೆಳಿಗ್ಗೆಯೇ ಹೇಳಿದ್ದ. ನಮ್ಮ ರೂಮಿನ ಏಸಿಯ ಕೆಪಾಸಿಟರ್ ಅದೇ ಅಳತೆಯದು. ನಾವು ಮೆಕ್ಯಾನಿಕರು ದಿನಾ ಮಾಡುವುದೇ ಇದು, ಒಂದರದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುವುದು, ಹೊಸದು ಬಂದ ಮೇಲೆ ಮತ್ತೆ ಸರಿ ಮಾಡುವುದು. ರೂಮಿಗೆ ಹೋಗಿ ಬಿಚ್ಚಿದೆ. ಪ್ರವೀಣ ಮಲಗಿದ್ದ, ಮೈ ಸುಡುತ್ತಿತ್ತು. ಕಣ್ಣು ತೆರೆದು, “ಎಷ್ಟ್ ಹೊತ್ತಣ್ಣಾ?” ಅಂದ. ಒಂದು ತಾಸು ಅಂದೆ. ಒದ್ದೆ ಟವೆಲ್ ಹೊದಿಸಿ, ಟೇಬಲ್ ಫ್ಯಾನ್ ಹಚ್ಚಿ, ಬಿಸಿಗಾಳಿ ಬರದಿರಲಿ ಅಂತ ಬಾಗಿಲು ಎಳೆದುಕೊಂಡೆ. ತಗಡಿನ ರೂಮು ಅಕ್ಕ, ಬಾಗಿಲನ್ನು ಮುಚ್ಚಿದವನು ನಾನು.

ಶುಕ್ರವಾರ ಅಂಗಡಿಗಳು ನಮಾಜಿನ ಮೇಲೆ ತೆರೆಯುತ್ತವೆ ಅಂತ ಕಾದೆ. ಒಂದು ತೆರೆಯಲಿಲ್ಲ, ಇನ್ನೊಂದರಲ್ಲಿ ಸಾಮಾನು ಇರಲಿಲ್ಲ. ನೆರಳಲ್ಲಿ ನಿಂತು ಚಹಾ ಕುಡಿದೆ. ವಾಪಸು ಬಂದಾಗ ನಾಲ್ಕೂವರೆ. ಟವೆಲ್ ಒಣಗಿ ಗರಿಗರಿಯಾಗಿತ್ತು.

ಅವನನ್ನು ಎಬ್ಬಿಸಿಕೊಂಡು ಹೋಗಿ ಹಕ್ಕಿಮನೆಯ ತಂಪಿನಲ್ಲೇ ಮಲಗಿಸಬಹುದಿತ್ತು. ಅದೂ ತಲೆಗೆ ಬಂದಿತ್ತು. ಅತಿಥಿಗಳ ಕಣ್ಣಿಗೆ ಚಾಪೆ ಬಿದ್ದರೆ ಕಫೀಲ್ ಏನು ಅಂದಾನು ಅಂತ ಬಿಟ್ಟೆ. ಆಮೇಲೆ ರಮೀಝ್‌ನನ್ನು ಕೇಳಿದೆ, ಅವತ್ತು ಏಸಿ ಇಲ್ಲದಿದ್ದರೆ ಹಕ್ಕಿ ಸಾಯುತ್ತಿದ್ದವಾ ಅಂತ. ನೆರಳಿತ್ತು, ನೀರಿತ್ತು, ನೆಲ ಕೆದರಿ ಕೂರುತ್ತಿದ್ದವು, ಅವು ಅಂಥ ನಾಡಿನವೇ ಅಂದ.

ರುಡಾಲ್ಫ್ ಬಂದು ಕೇಳಿದಾಗ ಕರೆಂಟ್ ಹೋಗಿತ್ತು ಅಂದುಬಿಟ್ಟೆ. ಈ ಬೇಸಿಗೆಯಲ್ಲಿ ಅದು ಆಗಾಗ ಹೋಗುತ್ತಿತ್ತು, ಎಲ್ಲರೂ ನಂಬಿದರು. ಕಫೀಲ್ ನನ್ನನ್ನು ತಡೆದ ಅನ್ನುವುದೂ ಸುಳ್ಳು, ನಾನೇ ರುಡಾಲ್ಫ್‌ನ ಬಾಯಿಂದ ಹೇಳಿಸಿದ್ದು. ಹದಿನೈದು ದಿನ ಊರಿಗೆ ಹೋಗಿ ಬಾ ಅಂತಲೇ ಕಫೀಲ್ ಹೇಳಿದ್ದ. ಟಿಕೆಟ್ ಆಗಿತ್ತು, ವಿಮಾನ ನಿಲ್ದಾಣದವರೆಗೂ ಹೋಗಿದ್ದೆ. ನೀನು ಅಂಗಳದಲ್ಲಿ ನಿಂತು, ಹೆಂಗಾತೋ ಅಮರೇಶಾ ಅಂತ ಕೇಳುವುದು ಕಣ್ಣ ಮುಂದೆ ಬಂತು. ಅವನೊಬ್ಬನನ್ನೇ ಕಳಿಸಿ ಹಿಂದೆ ತಿರುಗಿದೆ.

ಬಸಲಿಂಗಯ್ಯ ತಿಂಗಳ ಮೇಲೆ ವಾಪಸು ಬರುತ್ತಾನೆ. ಬಾ ಅಂತ ಅವನ ಹತ್ತಿರ ಹೇಳಿ ಕಳಿಸಿದರೆ ಬರುತ್ತೇನೆ, ಮಂಗಳಾಳ ಮುಂದೆಯೂ ಇದನ್ನೇ ಹೇಳುತ್ತೇನೆ. ಮುಖ ತೋರಿಸಬೇಡ ಅಂದರೆ ಅದಕ್ಕೂ ತಯಾರಿದ್ದೇನೆ. ನೀನು ಮಾತ್ರ ಎದ್ದು ಉಣ್ಣು ಅಕ್ಕ. ಅವನಿಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ, ನನ್ನ ಬಾಯಿಂದ ನಿಜ ಬರಲಿ ಅಂತ ಕಾದಿದ್ದ.